ಒಂದೇ ಹೆಸರಿನ ಎರಡು ವಿಮಾನಸಂಸ್ಥೆಗಳು: ಏರ್ ಇಂಡಿಯಾ ಸೇವೆಯ ವಿಮರ್ಶೆ

ಏರ್ ಇಂಡಿಯಾದಲ್ಲಿ ಟಿಕೆಟ್ ಕಾಯ್ದಿರಿಸುವವರು ದರ ಮತ್ತು ಹೊರಡುವ ವೇಳೆಯನ್ನು ನೋಡುವ ಮುನ್ನ, ಆ ಮಾರ್ಗದಲ್ಲಿ ಹಾರುವ ವಿಮಾನ ಯಾವ ಮಾದರಿಯದು ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು. 2023ರ ಕೊನೆಯಲ್ಲಿ ಸಂಸ್ಥೆಯನ್ನು ಸೇರಿದ ಏರ್‌ಬಸ್ ಎ350-900 ವಿಮಾನದಲ್ಲಿ 316 ಆಸನಗಳಿವೆ. ಬಿಸಿನೆಸ್ ಕ್ಲಾಸಿನ 28 ಆಸನಗಳಲ್ಲಿ ಪ್ರತಿಯೊಂದಕ್ಕೂ ಎಳೆದು ಮುಚ್ಚಿಕೊಳ್ಳುವ ಬಾಗಿಲಿದೆ, ನಡುವೆ 24 ಆಸನಗಳ ಪ್ರೀಮಿಯಂ ಎಕಾನಮಿ ಎಂಬ ದರ್ಜೆಯಿದೆ, ಅದರ ಹಿಂದೆ 264 ಎಕಾನಮಿ ಆಸನಗಳಿವೆ. 2012ರಿಂದ ಸಂಸ್ಥೆಯಲ್ಲಿ ಹಾರುತ್ತಿರುವ, ಇನ್ನೂ ನವೀಕರಣ ಕಾಣದ ಬೋಯಿಂಗ್ 787-8 ವಿಮಾನವನ್ನು ಹತ್ತಿದವರಿಗೆ ಎದುರಾಗುವುದು ಬೇರೊಂದು ಕಾಲದ ಒಳಾಂಗಣ. ಹೊರಮೈಯ ಮೇಲಿನ ಹೆಸರು ಒಂದೇ, ಸಿಬ್ಬಂದಿಯ ಸಮವಸ್ತ್ರ ಒಂದೇ, ಬೋರ್ಡಿಂಗ್ ಪಾಸಿನ ಮೇಲಿನ ಸಂಕೇತವೂ ಒಂದೇ. ಒಳಗೆ ಕಾಲಿಟ್ಟ ಮೇಲೆ ಮಾತ್ರ ಇವು ಎರಡು ಬೇರೆ ಸಂಸ್ಥೆಗಳು.

ಈ ಬಿರುಕು ಹೇಗೆ ಉಂಟಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಚಿಕ್ಕದು: ಟಾಟಾ ಕಟ್ಟಿದರು, ಸರ್ಕಾರ ಕೆಡಿಸಿತು, ಟಾಟಾ ಮರಳಿ ಬಂದು ಎತ್ತಿ ನಿಲ್ಲಿಸುತ್ತಿದ್ದಾರೆ. ಕೇಳಲು ಸೊಗಸಾಗಿರುವ ಈ ಕಥೆ ಅರ್ಧ ಮಾತ್ರ ನಿಜ. ಏರ್ ಇಂಡಿಯಾದ ಅತ್ಯುತ್ತಮ ವರ್ಷಗಳು ಅದು ಸರ್ಕಾರದ ಒಡೆತನದಲ್ಲಿದ್ದಾಗಲೇ ಬಂದವು. ಅದರ ಅತ್ಯಂತ ಕೆಟ್ಟ ವರ್ಷಗಳೂ ಅದೇ ಒಡೆತನದಲ್ಲಿ ಬಂದವು. ಹಾಗಿದ್ದ ಮೇಲೆ ಸೇವೆಯ ಏರಿಳಿತಕ್ಕೆ ಒಡೆಯ ಯಾರು ಎಂಬುದಷ್ಟೇ ಕಾರಣವಾಗಿರಲಾರದು. ಇಂದಿನ ಸೇವೆಯನ್ನು ಅಳೆಯಲು ಹೊರಟ ಈ ಬರಹ ಹಿಂದಿನ ತೊಂಬತ್ತು ವರ್ಷಗಳನ್ನು ಕೆದಕುತ್ತಿರುವುದು ಆ ಕಾರಣಕ್ಕೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಮುಂಬೈಯ ಜುಹೂ ತಲುಪಿದರು. ಹೊತ್ತು ತಂದದ್ದು ಸುಮಾರು 25 ಕಿಲೋಗ್ರಾಂ ಅಂಚೆ. ಅದನ್ನು ಅಲ್ಲಿಂದ ಮದರಾಸಿಗೆ ಒಯ್ದವರು ಈ ಸಾಹಸದ ಪಾಲುದಾರ, ಬ್ರಿಟಿಷ್ ವಾಯುಪಡೆಯ ಮಾಜಿ ಪೈಲಟ್ ನೆವಿಲ್ ವಿನ್ಸೆಂಟ್. ಭಾರತದಲ್ಲಿ ಅಂಚೆ ವಿಮಾನ ನಡೆಸಬಹುದೆಂಬ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರೂ ಅವರೇ. ಮದರಾಸಿನ ದಾರಿಯಲ್ಲಿ ಅವರು ತಂಗಿದ್ದು ಬಳ್ಳಾರಿಯಲ್ಲಿ. ದೇಶದ ವಿಮಾನಯಾನದ ಚರಿತ್ರೆ ಬರೆಯುವವರು ಕರಾಚಿ ಮತ್ತು ಜುಹೂಗಳನ್ನು ಹೇಳಿ, ಬಳ್ಳಾರಿಯನ್ನು ಒಂದು ಅಲ್ಪವಿರಾಮದ ಬೆಲೆಗೆ ದಾಟಿಬಿಡುತ್ತಾರೆ. ಆದರೆ ರೇಡಿಯೊ ಇಲ್ಲದ, ನೆಲದಿಂದ ದಾರಿ ತೋರಿಸುವ ಯಾವ ವ್ಯವಸ್ಥೆಯೂ ಇಲ್ಲದ ದಿನಗಳಲ್ಲಿ ಅರಬ್ಬೀ ಸಮುದ್ರದ ದಡದಿಂದ ಬಂಗಾಳ ಕೊಲ್ಲಿಯ ದಡಕ್ಕೆ ಒಂದೇ ದಿನದಲ್ಲಿ ಹಾರುವುದು ಸಾಧ್ಯವಿರಲಿಲ್ಲವಾದ್ದರಿಂದ, ನಡುವಿನ ಬಳ್ಳಾರಿಯ ಬಯಲಿಲ್ಲದೆ ಆ ಮಾರ್ಗವೇ ಇರುತ್ತಿರಲಿಲ್ಲ.

ಟಾಟಾ ಸಂಸ್ಥೆ ಈ ಉದ್ಯಮಕ್ಕೆ ಹಾಕಿದ ಆರಂಭಿಕ ಬಂಡವಾಳ 2 ಲಕ್ಷ ರೂಪಾಯಿ. ಜುಹೂವಿನ ನೆಲ ಮಳೆಗಾಲದಲ್ಲಿ ನೀರಿನಡಿ ಹೋಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಇಡೀ ವ್ಯವಹಾರವನ್ನು ಪುಣೆಗೆ ಸಾಗಿಸಬೇಕಾಗುತ್ತಿತ್ತು. ಹಾಗಿದ್ದೂ ಮೊದಲ ವರ್ಷದಲ್ಲಿ ಈ ಪುಟ್ಟ ಸೇವೆ 1,60,000 ಮೈಲಿ ಹಾರಿ, 9.72 ಟನ್ ಅಂಚೆ ಸಾಗಿಸಿ, 60,000 ರೂಪಾಯಿ ಲಾಭ ಮಾಡಿತು. ಅದೇ ವರ್ಷ ಹಾರಿದ ಪ್ರಯಾಣಿಕರು 155 ಮಂದಿ, ಅಂದರೆ ಇಂದಿನ ಒಂದು ಎ350 ವಿಮಾನದ ಅರ್ಧ ಆಸನಗಳೂ ತುಂಬದಷ್ಟು. ಪ್ರಯಾಣಿಕ ಆಗ ಅಂಚೆಯ ಚೀಲಗಳ ನಡುವೆ ಜಾಗವಿದ್ದರೆ ಕೂರುವ ಅತಿಥಿ. ಅಂಚೆ ವೇಳೆಗೆ ತಲುಪಬೇಕೆಂಬ ಒಂದೇ ಅಳತೆಗೋಲಿನ ಮೇಲೆ ಹುಟ್ಟಿದ ಸಂಸ್ಥೆ ಇದು ಎಂಬುದನ್ನು ಮುಂದಿನದನ್ನೆಲ್ಲ ಓದುವಾಗ ಮರೆಯಬಾರದು.

1946ರ ಜುಲೈ 29ರಂದು ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಷೇರು ಕಂಪನಿಯಾಗಿ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು. 1948ರಲ್ಲಿ ಸರ್ಕಾರ ಶೇ 49ರಷ್ಟು ಪಾಲು ಪಡೆದ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸ್ಥಾಪನೆಯಾಗಿ, ಆ ವರ್ಷದ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್‌ಸ್ಟೆಲೇಷನ್ ವಿಮಾನ ಮುಂಬೈಯಿಂದ ಕೈರೊ ಮತ್ತು ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು. 1953ರಲ್ಲಿ ರಾಷ್ಟ್ರೀಕರಣ ಬಂದಾಗ ಜೆ.ಆರ್.ಡಿ. ಅದನ್ನು ಬಲವಾಗಿ ವಿರೋಧಿಸಿದ್ದರು. ದೇಶದೊಳಗಿನ ಎಂಟು ಕಂಪನಿಗಳನ್ನು ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ನಿಗಮವನ್ನು ರಚಿಸಿದ ಸರ್ಕಾರ, ಹೊರದೇಶಗಳ ಸೇವೆಯನ್ನು ಪ್ರತ್ಯೇಕವಾಗಿ ಉಳಿಸಿ ಅದರ ಅಧ್ಯಕ್ಷರನ್ನಾಗಿ ಜೆ.ಆರ್.ಡಿ. ಅವರನ್ನೇ ಕೂರಿಸಿತು. ಒಡೆತನ ಸರ್ಕಾರದ್ದು, ಕಣ್ಣು ಅವರದ್ದು.

ಆ ಕಣ್ಣಿಗೆ ಏನೇನು ಬೀಳುತ್ತಿತ್ತು ಎಂಬುದಕ್ಕೆ ಅವರು ಪ್ರಯಾಣದ ನಂತರ ಸಿಬ್ಬಂದಿಗೆ ಬರೆಯುತ್ತಿದ್ದ ಟಿಪ್ಪಣಿಗಳು ಸಾಕ್ಷಿ. ವಿಮಾನದಲ್ಲಿ ಕೊಟ್ಟ ಚಹಾ ಬಣ್ಣದಲ್ಲಿ ಕಾಫಿಯಂತಿತ್ತು ಎಂಬುದೂ ಒಬ್ಬ ಅಧ್ಯಕ್ಷನ ಗಮನಕ್ಕೆ ಬರಬೇಕಾದ ಸಂಗತಿಯೆಂದು ಅವರು ಭಾವಿಸಿದ್ದರು. ಇದನ್ನು ಕೆಲವರು ಅತಿಯಾದ ಶಿಸ್ತು ಎಂದು ಕರೆದಾರು. ಆದರೆ ವಿಮಾನಸೇವೆ ಎಂಬುದು ಇಂತಹ ಸಣ್ಣ ಸಂಗತಿಗಳ ಮೊತ್ತವಲ್ಲದೆ ಮತ್ತೇನು? ವಿಮಾನವನ್ನು ಬೋಯಿಂಗ್ ಎಲ್ಲರಿಗೂ ಒಂದೇ ರೀತಿ ಮಾಡಿ ಕೊಡುತ್ತದೆ. ಚಹಾ ಮಾತ್ರ ಅವರವರದು.

ಈ ಕಾಲದ ಸಾಧನೆಗಳು ದೊಡ್ಡವು. 1960ರ ಫೆಬ್ರುವರಿಯಲ್ಲಿ ‘ಗೌರಿಶಂಕರ’ ಎಂಬ ಬೋಯಿಂಗ್ 707 ಬಂದಾಗ ಜೆಟ್ ವಿಮಾನ ಹೊಂದಿದ ಏಷ್ಯಾದ ಮೊದಲ ಸಂಸ್ಥೆ ಎಂಬ ಹೆಸರು ಇದಕ್ಕೆ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕ್ ಸೇವೆ ಆರಂಭವಾಯಿತು. 1962ರ ಜೂನ್‌ನಲ್ಲಿ, ತನ್ನ ಎಲ್ಲ ವಿಮಾನಗಳೂ ಜೆಟ್ ಆಗಿರುವ ಜಗತ್ತಿನ ಮೊದಲ ವಿಮಾನಸಂಸ್ಥೆ ಎನಿಸಿಕೊಂಡಿತು. 1971ರಲ್ಲಿ ‘ಎಂಪರರ್ ಅಶೋಕ’ ಎಂಬ ಮೊದಲ ಜಂಬೊ, ಅಂದರೆ ಬೋಯಿಂಗ್ 747, ಬಂದಾಗ ಅದರ ಕಿಟಕಿಗಳ ಸುತ್ತ ರಾಜಸ್ಥಾನದ ಅರಮನೆಗಳ ಝರೋಕಾಗಳನ್ನು ಹೋಲುವ ಕಮಾನುಗಳನ್ನು ಬರೆಸಲಾಗಿತ್ತು. 1946ರಲ್ಲಿ ಸಂಸ್ಥೆಯ ವಾಣಿಜ್ಯ ವಿಭಾಗದ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಸೇರಿ ರೂಪಿಸಿದ ಗಿರಿಜಾಮೀಸೆಯ ಮಹಾರಾಜ, ವಿಮಾನದೊಳಗೆ ಕೊಡುವ ಟಿಪ್ಪಣಿ ಪುಸ್ತಕದ ಚಿತ್ರವಾಗಿ ಹುಟ್ಟಿ, ಆ ವೇಳೆಗೆ ದೇಶದ ಅತಿ ಪರಿಚಿತ ಮುಖಗಳಲ್ಲೊಂದಾಗಿದ್ದ.

1967ರಲ್ಲಿ ಈ ಸಂಸ್ಥೆ ತನ್ನ ಪ್ರಯಾಣಿಕರಿಗೆ ಉಡುಗೊರೆ ಕೊಡಲು ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯಿಂದ ಬೂದಿಬಟ್ಟಲನ್ನು ವಿನ್ಯಾಸ ಮಾಡಿಸಿತು; ಹಂಸದ ರೂಪ ತಲೆಕೆಳಗಾದರೆ ಆನೆಯಾಗುವ, ಆನೆ ತಲೆಕೆಳಗಾದರೆ ಹಂಸವಾಗುವ ವಿನ್ಯಾಸ. ಸಂಭಾವನೆಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿಯನ್ನು. ಏರ್ ಇಂಡಿಯಾ ಬೆಂಗಳೂರಿನಿಂದ ಎರಡು ವರ್ಷದ ಮರಿಯೊಂದನ್ನು ಮಾವುತನ ಸಮೇತ ಜಿನೀವಾಕ್ಕೆ ಹಾರಿಸಿ, ಅಲ್ಲಿಂದ ರಸ್ತೆಯ ಮೂಲಕ ಸ್ಪೇನಿನ ಕಡಕೆಸ್ ಎಂಬ ಅವನ ಊರಿಗೆ ತಲುಪಿಸಿತು. ಹೀಗೆ ಆನೆಯನ್ನೇ ಕೊಡುಗೆಯಾಗಿ ಕೊಟ್ಟ ಸಂಸ್ಥೆಯನ್ನು ನಲವತ್ತು ವರ್ಷಗಳ ನಂತರ ಪತ್ರಿಕೆಗಳು ಬಿಳಿಯಾನೆ ಎಂದು ಕರೆದವು ಎಂಬುದು ಚರಿತ್ರೆಯ ತಮಾಷೆ.

1978ರ ಫೆಬ್ರುವರಿಯಲ್ಲಿ ಮೊರಾರ್ಜಿ ದೇಸಾಯಿ ಅವರ ಸರ್ಕಾರ ಜೆ.ಆರ್.ಡಿ. ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಮರುದಿನವೇ ಎಲ್ಲವೂ ಕುಸಿಯಿತೆಂದು ಹೇಳಿದರೆ ಅನ್ಯಾಯವಾದೀತು. 1990ರಲ್ಲಿ ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದಾಗ ಇದೇ ಸರ್ಕಾರಿ ಸಂಸ್ಥೆ ಇಂಡಿಯನ್ ಏರ್‌ಲೈನ್ಸ್ ಜೊತೆಗೂಡಿ, 59 ದಿನಗಳಲ್ಲಿ 488 ಹಾರಾಟ ನಡೆಸಿ, 1 ಲಕ್ಷ 11 ಸಾವಿರಕ್ಕೂ ಹೆಚ್ಚು ಜನರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಮುಂಬೈಗೆ ಕರೆತಂದು ಗಿನ್ನೆಸ್ ದಾಖಲೆಗೆ ಸೇರಿತು. ಲಾಭ ನಷ್ಟದ ಪಟ್ಟಿಯಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಕಾಲಂ ಇಲ್ಲ. ರಾಷ್ಟ್ರೀಯ ವಿಮಾನಸಂಸ್ಥೆಯೊಂದು ಏಕೆ ಬೇಕಿತ್ತು ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರಗಳಲ್ಲಿ ಇದು ಮೊದಲನೆಯದು.

ಕುಸಿತದ ನಿಜವಾದ ವರ್ಷಗಳು ತೊಂಬತ್ತರ ದಶಕದ ನಂತರದವು. 1994ರಲ್ಲಿ ವಾಯು ನಿಗಮಗಳ ಕಾಯ್ದೆ ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ಪೂರ್ತಿ ತೆರೆಯಿತು. 2003ರಲ್ಲಿ ಬೆಂಗಳೂರನ್ನು ನೆಲೆಯಾಗಿಸಿಕೊಂಡು ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬಂದ ಮೇಲೆ ವಿಮಾನದ ಟಿಕೆಟ್ ರೈಲಿನ ಪ್ರಯಾಣಿಕರನ್ನೂ ಸೆಳೆಯತೊಡಗಿತು. ಸ್ಪರ್ಧೆ ಹೀಗೆ ಬಿಗಿಯಾಗುತ್ತಿದ್ದಾಗಲೇ ಏರ್ ಇಂಡಿಯಾಕ್ಕೆ 68 ಬೋಯಿಂಗ್, ಇಂಡಿಯನ್ ಏರ್‌ಲೈನ್ಸಿಗೆ 43 ಏರ್‌ಬಸ್, ಒಟ್ಟು 111 ವಿಮಾನಗಳನ್ನು ಬಹುಪಾಲು ಸಾಲದ ಹಣದಲ್ಲಿ ಕೊಳ್ಳುವ ತೀರ್ಮಾನವಾಯಿತು. ಮಹಾಲೇಖಪಾಲರ 2011ರ ವರದಿ ಈ ಖರೀದಿಯನ್ನು ಕಟುವಾಗಿ ಟೀಕಿಸಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನೆನಪಾಗುತ್ತದೆ; ಆದರೆ ಹಳೆಯ ವಿಮಾನಗಳನ್ನು ಬದಲಿಸಲೇಬೇಕಿತ್ತು ಎಂಬುದೂ ನಿಜವಾದ್ದರಿಂದ ತಪ್ಪು ಹೂವಿನದ್ದಲ್ಲ, ಹಿಟ್ಟಿಗೆ ಏನು ಮಾಡುವುದೆಂದು ಯಾರೂ ಕೇಳದೇ ಇದ್ದುದರದು.

ಅದರ ಮೇಲೆ 2007ರ ವಿಲೀನ. ಏರ್ ಇಂಡಿಯಾ ಬೋಯಿಂಗ್ ಮನೆ, ಇಂಡಿಯನ್ ಏರ್‌ಲೈನ್ಸ್ ಏರ್‌ಬಸ್ ಮನೆ. ಎರಡರ ಸಂಬಳದ ಶ್ರೇಣಿ ಬೇರೆ, ಬಡ್ತಿಯ ಕ್ರಮ ಬೇರೆ, ಕೆಲಸದ ಅಭ್ಯಾಸ ಬೇರೆ. ಕಾಗದದ ಮೇಲೆ ಕಂಪನಿಗಳು ಒಂದಾದವು, ಜನ ಒಂದಾಗಲಿಲ್ಲ. ಸಿಬ್ಬಂದಿಯ ಶ್ರೇಣಿಗಳನ್ನು ಹೊಂದಿಸುವ ದಾರಿ ಸೂಚಿಸಲು ನೇಮಿಸಿದ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ವರದಿ ಕೊಟ್ಟದ್ದು ವಿಲೀನವಾಗಿ ನಾಲ್ಕು ವರ್ಷ ಕಳೆದ ಮೇಲೆ, 2012ರ ಜನವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ, ಬರಲಿದ್ದ 787 ವಿಮಾನಗಳನ್ನು ಹಾರಿಸುವ ತರಬೇತಿಯನ್ನು ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳಿಗೂ ಕೊಡುವುದನ್ನು ವಿರೋಧಿಸಿ ಹಳೆಯ ಏರ್ ಇಂಡಿಯಾ ಪೈಲಟ್‌ಗಳು ಮುಷ್ಕರ ಹೂಡಿದರು. ಅದು ನಡೆದದ್ದು 58 ದಿನ. ಎರಡು ಸಂಸ್ಥೆಗಳ ಒಟ್ಟು ನಷ್ಟ 2006-07ರಲ್ಲಿ ಸುಮಾರು 770 ಕೋಟಿ ರೂಪಾಯಿ ಇದ್ದದ್ದು 2009ರ ಮಾರ್ಚ್ ವೇಳೆಗೆ 7,200 ಕೋಟಿಗೆ ಏರಿತ್ತು. 2012ರಲ್ಲಿ ಸರ್ಕಾರ ಹಲವು ವರ್ಷಗಳಲ್ಲಿ ಒಟ್ಟು 30,231 ಕೋಟಿ ರೂಪಾಯಿ ಬಂಡವಾಳ ತುಂಬುವ ಪುನಶ್ಚೇತನ ಯೋಜನೆಗೆ ಒಪ್ಪಿಗೆ ನೀಡಿತು. 1932ರ ಅಂಚೆಯ ಚೀಲದ ಜಾಗದಲ್ಲಿ ಈಗ ಕಡತವಿತ್ತು. ಎಂದಿಗೆ, ಎಲ್ಲಿಗೆ ತಲುಪಬೇಕೆಂಬ ಗಡುವು ಮಾತ್ರ ಅದಕ್ಕೆ ಇರಲಿಲ್ಲ.

2018ರಲ್ಲಿ ಶೇ 76ರಷ್ಟು ಪಾಲನ್ನು ಮಾರಲು ಹೊರಟಾಗ ಒಬ್ಬನೇ ಒಬ್ಬ ಖರೀದಿದಾರನೂ ಬರಲಿಲ್ಲ. ಪೂರ್ತಿ ಪಾಲನ್ನು ಮಾರುವ ಎರಡನೇ ಯತ್ನದಲ್ಲಿ, 2021ರ ಅಕ್ಟೋಬರ್ 8ರಂದು ಟಾಟಾ ಸಮೂಹದ 18,000 ಕೋಟಿ ರೂಪಾಯಿಗಳ ಬಿಡ್ ಗೆದ್ದಿತು. ಈ ಮೊತ್ತವನ್ನು ಬಿಡಿಸಿ ನೋಡಬೇಕು: ಅದರಲ್ಲಿ 15,300 ಕೋಟಿ ಎಂದರೆ ಸಂಸ್ಥೆಯ ಸಾಲದಲ್ಲಿ ಟಾಟಾ ಹೊತ್ತುಕೊಂಡ ಭಾಗ, ಸರ್ಕಾರಕ್ಕೆ ನಗದಾಗಿ ಬಂದದ್ದು 2,700 ಕೋಟಿ. ಆ ಆಗಸ್ಟ್ ಕೊನೆಗೆ ಒಟ್ಟು ಸಾಲ 61,562 ಕೋಟಿ ಇದ್ದುದರಿಂದ, ಉಳಿದ 46,262 ಕೋಟಿ ಸರ್ಕಾರವೇ ರಚಿಸಿದ ಬೇರೊಂದು ಕಂಪನಿಯ ತಲೆಗೆ, ಅಂದರೆ ಕೊನೆಗೆ ತೆರಿಗೆ ಕಟ್ಟುವವರ ತಲೆಗೆ, ಹೋಯಿತು. 2022ರ ಜನವರಿ 27ರಂದು ಹಸ್ತಾಂತರವಾಯಿತು.

ಇಲ್ಲಿಂದ ಮುಂದಿನದು ಇಂದಿನ ಸೇವೆ. 2023ರ ಫೆಬ್ರುವರಿಯಲ್ಲಿ ಸಂಸ್ಥೆ 250 ಏರ್‌ಬಸ್ ಮತ್ತು 220 ಬೋಯಿಂಗ್ ವಿಮಾನಗಳಿಗೆ ಒಟ್ಟಿಗೆ ಬೇಡಿಕೆ ಸಲ್ಲಿಸಿತು. 2024ರ ಕೊನೆಗೆ ಇನ್ನೂ 100 ಏರ್‌ಬಸ್ ಸೇರಿಸಿತು. 2024ರ ನವೆಂಬರ್ 12ರಂದು ಟಾಟಾ ಸಮೂಹದ ಮತ್ತೊಂದು ವಿಮಾನಸಂಸ್ಥೆಯಾದ ವಿಸ್ತಾರ ಇದರಲ್ಲಿ ವಿಲೀನವಾಗಿ, ಅದರ ಪಾಲುದಾರನಾಗಿದ್ದ ಸಿಂಗಪುರ ಏರ್‌ಲೈನ್ಸಿಗೆ ಏರ್ ಇಂಡಿಯಾದಲ್ಲಿ ಶೇ 25.1ರಷ್ಟು ಪಾಲು ಬಂತು. ವಿಸ್ತಾರದ ವಿಮಾನ ಮತ್ತು ಸಿಬ್ಬಂದಿ ನಡೆಸುವ ಹಾರಾಟಗಳಿಗೆ ವಿಲೀನದ ಹೊತ್ತಿನಲ್ಲಿ 2ರಿಂದ ಆರಂಭವಾಗುವ ನಾಲ್ಕು ಅಂಕಿಗಳ ಸಂಖ್ಯೆ ಕೊಡಲಾಯಿತು. ಯಾವ ಹಾರಾಟ ಯಾವ ಮನೆಯದು ಎಂದು ತಿಳಿಯಲು ನನ್ನಂತಹ ಪ್ರಯಾಣಿಕರು ಅದನ್ನೇ ಗುರುತಾಗಿ ಬಳಸಿದೆವು. ಜನರ ವಿಶ್ವಾಸವನ್ನು ಸಂಸ್ಥೆ ಸ್ವತಃ ಹೇಗೆ ಅಂದಾಜಿಸಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸೂಚನೆ ಬೇಕಿಲ್ಲ.

ದೆಹಲಿಯಿಂದ ಲಂಡನ್ನಿಗೆ ಎ350 ವಿಮಾನದ ಎಕಾನಮಿ ದರ್ಜೆಯಲ್ಲಿ ನಾನು ಮಾಡಿದ ಪ್ರಯಾಣದ ಬಗ್ಗೆ ಹೇಳುವುದಾದರೆ, ಮೊದಲು ಗಮನಕ್ಕೆ ಬಂದದ್ದು ಸದ್ದಿನ ಇಳಿತ. ಪಕ್ಕದವರೊಡನೆ ದನಿ ಏರಿಸದೆ ಮಾತನಾಡಬಹುದಿತ್ತು. ಸಾಲಿನಲ್ಲಿ ಮೂರು, ಮೂರು, ಮೂರರಂತೆ ಆಸನಗಳಿದ್ದರೂ ಭುಜಕ್ಕೆ ಭುಜ ತಾಗುವ ಇಕ್ಕಟ್ಟು ಕಾಣಲಿಲ್ಲ. ತಲೆಯ ಮೇಲಿನ ಲಗೇಜ್ ಪೆಟ್ಟಿಗೆಗಳು ಆಳವಾಗಿದ್ದು ಕೊನೆಯಲ್ಲಿ ಹತ್ತಿದವರಿಗೂ ಜಾಗ ಉಳಿದಿತ್ತು. ಸಸ್ಯಾಹಾರದ ಊಟ ಬಿಸಿಯಾಗಿ ಬಂತು. ಸಿಬ್ಬಂದಿ ಯುವಕರು, ನಗುವಿನಲ್ಲಿ ತರಬೇತಿಯ ಅಚ್ಚು ಇನ್ನೂ ಕಾಣುತ್ತದಾದರೂ ಕರೆದಾಗ ಬರುತ್ತಾರೆ, ಕೇಳಿದ್ದನ್ನು ಮರೆಯುವುದಿಲ್ಲ. ಚಹಾದ ಬಣ್ಣವನ್ನೂ ನೋಡಿದೆ. ಅದು ಚಹಾದಂತೆಯೇ ಇತ್ತು.

ಹಳೆಯ ವಿಮಾನಗಳ ಒಳಾಂಗಣದ ಸ್ಥಿತಿಯನ್ನು ಸಂಸ್ಥೆಯ ಆಡಳಿತವೇ ಬಹಿರಂಗವಾಗಿ ಒಪ್ಪಿಕೊಂಡಿದ್ದು, 2022ರ ಡಿಸೆಂಬರ್‌ನಲ್ಲಿಯೇ ಅದರ ದುರಸ್ತಿಗೆ 40 ಕೋಟಿ ಡಾಲರ್ ಮೀಸಲಿಟ್ಟಿತು. ಆದರೆ ಆಸನಗಳ ಜಾಗತಿಕ ಕೊರತೆಯಿಂದ ಕೆಲಸ ಹಿಂದೆ ಬಿತ್ತು. ಹತ್ತಿರದ ಮಾರ್ಗಗಳ 27 ಎ320ನಿಯೊ ವಿಮಾನಗಳ ಸರದಿ ಮೊದಲು ಬಂತು. ದೂರದ ಮಾರ್ಗಗಳ 26 ಹಳೆಯ 787-8 ವಿಮಾನಗಳಲ್ಲಿ ಮೊದಲನೆಯದು ನವೀಕರಣಕ್ಕಾಗಿ ಅಮೆರಿಕಕ್ಕೆ ಹೊರಟದ್ದು 2025ರ ಜುಲೈನಲ್ಲಿ. ಎಲ್ಲವೂ ಮುಗಿಯುವುದು 2027ರ ನಡುವಿಗೆ ಎಂಬುದು ಸಂಸ್ಥೆ ಕೊಟ್ಟ ಲೆಕ್ಕ. ಹತ್ತು ಗಂಟೆ ಹಾರುವ ವಿಮಾನಕ್ಕಿಂತ ಎರಡು ಗಂಟೆ ಹಾರುವ ವಿಮಾನ ಮೊದಲು ಹೊಸದಾದದ್ದು ಪ್ರಯಾಣಿಕನ ದೃಷ್ಟಿಯಿಂದ ತಲೆಕೆಳಗಾದ ಕ್ರಮ, ಕಾರಣ ಏನೇ ಇರಲಿ.

ಸುರಕ್ಷತೆಯನ್ನು ಬಿಟ್ಟು ವಿಮಾನಸೇವೆಯ ವಿಮರ್ಶೆ ಬರೆಯುವುದು ಅಪ್ರಾಮಾಣಿಕ. 1985ರ ಜೂನ್ 23ರಂದು ಐರ್ಲೆಂಡಿನ ಕರಾವಳಿಯಾಚೆ ಬಾಂಬಿಗೆ ಸಿಡಿದ ‘ಕನಿಷ್ಕ’ ಎಂಬ ಏರ್ ಇಂಡಿಯಾ ವಿಮಾನದಲ್ಲಿ 329 ಮಂದಿ ಸತ್ತರು, ಅದು ಭಯೋತ್ಪಾದಕರ ಕೃತ್ಯ. 2010ರ ಮೇ 22ರಂದು ದುಬೈಯಿಂದ ಬಂದ, ಇದರ ಅಂಗಸಂಸ್ಥೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ವಿಮಾನ ಮಂಗಳೂರಿನ ಬಜಪೆಯ, ಗುಡ್ಡದ ನೆತ್ತಿಯ ಮೇಲಿರುವ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಉರುಳಿದಾಗ 158 ಮಂದಿ ಸತ್ತು 8 ಮಂದಿ ಉಳಿದರು. ಇಳಿಯುವ ಕ್ರಮ ಸರಿಯಾಗಿಲ್ಲವೆಂದು ಸಹಪೈಲಟ್ ಮತ್ತೆ ಮೇಲೇರಲು ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲವೆಂದು ತನಿಖೆ ಹೇಳಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಏರ್ ಇಂಡಿಯಾ ಎಂದರೆ ಇಂದಿಗೂ ಮೊದಲು ನೆನಪಾಗುವುದು ಆ ಬೆಳಗು. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ 787-8 ವಿಮಾನ ಮೇಲೇರಿದ ಕ್ಷಣಗಳಲ್ಲೇ ಕುಸಿದು, ಒಳಗಿದ್ದ 242 ಜನರಲ್ಲಿ 241 ಮಂದಿ ಮತ್ತು ನೆಲದ ಮೇಲೆ 19 ಮಂದಿ ಸತ್ತರು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಕಡಿತದ ಸ್ಥಾನಕ್ಕೆ ಸರಿದಿದ್ದವು ಎಂದು ಪ್ರಾಥಮಿಕ ವರದಿ ದಾಖಲಿಸಿತು. ಅವು ಏಕೆ ಸರಿದವು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಅಪಘಾತದ ನಂತರ ಸಂಸ್ಥೆ ದೊಡ್ಡ ವಿಮಾನಗಳ ಅಂತಾರಾಷ್ಟ್ರೀಯ ಹಾರಾಟಗಳನ್ನು ಕೆಲಕಾಲ ಶೇ 15ರಷ್ಟು ಕಡಿತಗೊಳಿಸಿ ತಪಾಸಣೆ ಹೆಚ್ಚಿಸಿತು. ಒಂದು ಅಪಘಾತದಿಂದ ಸಂಸ್ಥೆಯ ಮೇಲೆ ತೀರ್ಪು ಕೊಡುವುದು ಸರಿಯಲ್ಲ, ಆದರೆ ಸೇವೆಗೆ ಅಂಕ ಕೊಡುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ.

ಈ ಸಂಸ್ಥೆಯ ನಿಜವಾದ ಬಲ ಇರುವುದು ಉತ್ತರ ಅಮೆರಿಕಕ್ಕೆ ಎಲ್ಲೂ ಇಳಿಯದೆ ಹೋಗುವ ಹಾರಾಟಗಳಲ್ಲಿ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದದ್ದು ಸರ್ಕಾರಿ ಏರ್ ಇಂಡಿಯಾದ ಕೊನೆಯ ವರ್ಷದಲ್ಲಿ ಎಂಬುದನ್ನು ಗಮನಿಸಬೇಕು. ಖಾಲಿ ಖಜಾನೆಯ ಸಂಸ್ಥೆಯಲ್ಲೂ ಕಸುಬು ಬಲ್ಲವರು ಉಳಿದಿದ್ದರು. ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ಪಶ್ಚಿಮದ ಹಾರಾಟಗಳು ಉದ್ದವಾದವು, ಇಂಧನದ ಖರ್ಚು ಏರಿತು. ದೆಹಲಿ ಮತ್ತು ವಾಷಿಂಗ್ಟನ್ ನಡುವಿನ ಸೇವೆ ಅದೇ ಸೆಪ್ಟೆಂಬರ್‌ನಿಂದ ನಿಂತಿತು. ವಾಯುಪ್ರದೇಶದ ನಿರ್ಬಂಧದ ಜೊತೆಗೆ ನವೀಕರಣಕ್ಕೆ ಹೋದ 787 ವಿಮಾನಗಳ ಕೊರತೆಯನ್ನೂ ಸಂಸ್ಥೆ ಕಾರಣವಾಗಿ ಕೊಟ್ಟಿತು.

ಎ350 ಹಾಗೂ ವಿಸ್ತಾರದಿಂದ ಬಂದ ವಿಮಾನಗಳ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ನವೀಕರಣ ಕಾಣದ 787-8 ವಿಮಾನದ ಒಳಾಂಗಣಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಟಿಕೆಟ್ ಕೊಳ್ಳುವ ಮುನ್ನ ಎರಡನ್ನೂ ಬೇರೆ ಮಾಡಿ ಗುರುತಿಸಲು ಸುಲಭವಾದ ಉಪಾಯವಿದೆ. ನೀವು ಎಕಾನಮಿಯಲ್ಲೇ ಹೋಗುವವರಾದರೂ, ಆಸನ ನಕ್ಷೆಯನ್ನು ತೆರೆದು ಬಿಸಿನೆಸ್ ಕ್ಲಾಸಿನ ಸಾಲನ್ನು ಎಣಿಸಿ. ಒಂದು, ಎರಡು, ಒಂದು ಎಂದಿದ್ದರೆ ವಿಮಾನ ಬಹುಮಟ್ಟಿಗೆ ಹೊಸದು ಅಥವಾ ಹೊಸದಾಗಿಸಿದ್ದು. ದೂರದ ಮಾರ್ಗದಲ್ಲಿ ಎರಡು, ಎರಡು, ಎರಡು ಎಂದು ಕಂಡರೆ, ಅದೇ ಊರಿಗೆ ಮತ್ತೊಂದು ಹೊತ್ತಿನಲ್ಲಿ ಹೊರಡುವ ವಿಮಾನವಿದೆಯೇ ಎಂದು ಹುಡುಕಿ.